ಸಾರುವೆಯ ಧರ್ಮ

ಕನ್ನಡ ಮೇಷ್ಟರೆಂದರೆ ಊರಿನ ಯಾವ ಸಭೆಗೂ ಒದಗುವ ಪ್ರಾಣಿ. ವನಮಹೋತ್ಸವವಿರಲಿ, ರಸ್ತೆ ಸುರಕ್ಷತೆಯ ಸಪ್ತಾಹವಿರಲಿ, ವಿಷಯ ಬಲ್ಲವರು ಮುಕ್ಕಾಲು ಗಂಟೆ ಮಾತನಾಡಿ ಸಭಿಕರು ತೂಕಡಿಸಲು ತೊಡಗಿದಾಗ ಅವರನ್ನು ಎಚ್ಚರಿಸುವ ಕೆಲಸ ನಮ್ಮ ಪಾಲಿಗೆ ಬರುತ್ತದೆ. ಕೆಲವು ತಿಂಗಳ ಹಿಂದೆ ಚಿತ್ರದುರ್ಗದಲ್ಲಿ ಅಂಗದಾನವನ್ನು ಕುರಿತು ನಡೆದ ಒಂದು ಸಭೆಯಲ್ಲಿ ನನಗೆ ಬಂದದ್ದೂ ಅದೇ ಕೆಲಸ. ವೈದ್ಯರು ಅಂಕಿ ಅಂಶಗಳನ್ನು ಹೇಳಿ ಕುಳಿತರು. ನಾನು ಎದ್ದು ಶಿಬಿ ಚಕ್ರವರ್ತಿಯನ್ನು ಕರೆದು ತಂದೆ. ಪಾರಿವಾಳದ ತೂಕಕ್ಕೆ ತನ್ನ ತೊಡೆಯ ಮಾಂಸವನ್ನು ಕೊಯ್ದು ತಕ್ಕಡಿಗಿಟ್ಟ ಅವನ ಕಥೆಗೆ ಸಭೆ ನಿಶ್ಶಬ್ದವಾಯಿತು. ವಜ್ರಾಯುಧಕ್ಕಾಗಿ ಬೆನ್ನೆಲುಬನ್ನೇ ಕೊಟ್ಟ ದಧೀಚಿಯ ಕಥೆಗೆ ಮುಂದಿನ ಸಾಲಿನಲ್ಲಿ ಒಬ್ಬರು ಕಣ್ಣೊರೆಸಿಕೊಂಡರು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಚಪ್ಪಾಳೆಯ ರುಚಿ ಹತ್ತಿದ ನಾಲಗೆ ನಿಲ್ಲಲಿಲ್ಲ. “ಈಗ ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಮೂತ್ರಪಿಂಡವನ್ನೇ ಬೆಳೆಸಲು ಹೊರಟಿದ್ದಾರಂತೆ. ಅಂಗವು ಅಂಗಡಿಯಲ್ಲಿ ಸಿಕ್ಕುವ ದಿನ ಬಂದರೆ ಲೋಕದಲ್ಲಿ ಶಿಬಿಗೆ ಸ್ಥಾನವೆಲ್ಲಿ? ತ್ಯಾಗವಿಲ್ಲದ ಬದುಕು ಬದುಕೇ?” ಎಂದೆ. ದೊಡ್ಡ ಚಪ್ಪಾಳೆ ಬಿತ್ತು.

ಸಭೆ ಮುಗಿದ ಮೇಲೆ ಒಬ್ಬ ತರುಣ ಬಂದು ನಮಸ್ಕರಿಸಿದ. ಹೊಳಲ್ಕೆರೆ ಕಡೆಯ ಅಡಿಕೆ ತೋಟದ ಮನೆಯ ಹುಡುಗ. ಒಂದು ಕಾಲಕ್ಕೆ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಹಳಗನ್ನಡಕ್ಕೆ ಹೆದರುತ್ತಿದ್ದವನು. ಈಗ ದೂರದ ಊರಿನ ಪ್ರಯೋಗಶಾಲೆಯೊಂದರಲ್ಲಿ ಜೀವಕೋಶಗಳನ್ನು ಬೆಳೆಸುವ ಕೆಲಸದಲ್ಲಿದ್ದಾನೆ. ರಜಕ್ಕೆ ಊರಿಗೆ ಬಂದಿದ್ದ. ಅವನು ಆಕ್ಷೇಪಿಸಲಿಲ್ಲ, ವಾದಿಸಲಿಲ್ಲ. ಕಾಫಿ ಕುಡಿಯುತ್ತ, ತನ್ನ ಕೆಲಸವೇನೆಂಬುದನ್ನು ನನಗೆ ತಿಳಿಯುವ ಮಾತಿನಲ್ಲಿ ಹೇಳಿದ. ನಾನು ಸಭೆಯಲ್ಲಿ ಹೀಗಳೆದ ವಸ್ತು ಏನೆಂಬುದು ನನಗೆ ತಿಳಿದದ್ದು ಆಗಲೇ.

ಮೂತ್ರಪಿಂಡವೆಂದರೆ ಮುಷ್ಟಿಯಷ್ಟು ದೊಡ್ಡದು, ತೂಕ ಸುಮಾರು 150 ಗ್ರಾಂ. ಅದರೊಳಗೆ ಸೋಸುವ ಸೂಕ್ಷ್ಮ ಘಟಕಗಳು, ನೆಫ್ರಾನುಗಳು, ಒಂದೊಂದರಲ್ಲಿ ಸುಮಾರು ಹತ್ತು ಲಕ್ಷ. ನಮ್ಮ ಕೋಟೆಯಲ್ಲಿ ಓಬವ್ವನ ಕಿಂಡಿಯಿದೆಯಲ್ಲ, ಒಬ್ಬೊಬ್ಬನೇ ಮೈ ಹಿಡಿ ಮಾಡಿಕೊಂಡು ನುಸುಳಬೇಕಾದದ್ದು, ಅಂಥ ಕಿಂಡಿಗಳು ಅಲ್ಲಿ ಲೆಕ್ಕವಿಲ್ಲದಷ್ಟು. ನೀರು, ಉಪ್ಪು, ಸಕ್ಕರೆ, ಯೂರಿಯದಂಥ ಸಣ್ಣವು ನುಸುಳುತ್ತವೆ. ರಕ್ತಕಣಗಳು, ದೊಡ್ಡ ಪ್ರೋಟೀನುಗಳು ಈಚೆಯೇ ಉಳಿಯುತ್ತವೆ. ಹೀಗೆ ಎರಡು ಮೂತ್ರಪಿಂಡಗಳೂ ಸೇರಿ ದಿನಕ್ಕೆ ಸೋಸುವುದು ಸುಮಾರು 180 ಲೀಟರು. ಮುಂದಿನ ಕೆಲಸ ನಾಳಗಳದು. ಕೋಟೆಯ ಮೇಲಿನ ಗೋಪಾಲಸ್ವಾಮಿ ಹೊಂಡದ ನೀರು ಅಕ್ಕತಂಗಿ ಹೊಂಡಕ್ಕೆ ಇಳಿದು, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆಹೊಂಡಗಳಿಗೆ ಹರಿಯುವಂತೆ, ಸೋಸಿದ ನೀರು ನಾಳದಿಂದ ನಾಳಕ್ಕೆ ಹರಿಯುತ್ತದೆ; ದೇಹಕ್ಕೆ ಬೇಕಾದದ್ದೆಲ್ಲ ದಾರಿಯಲ್ಲೇ ಮರಳಿ ರಕ್ತಕ್ಕೆ ಸೇರಿ, ಕೊನೆಗೆ ಹೊರಗೆ ಹೋಗುವುದು ಒಂದೂವರೆ ಲೀಟರಿನಷ್ಟು. ಈ ಹತ್ತು ಲಕ್ಷ ನೆಫ್ರಾನುಗಳನ್ನು ಮನುಷ್ಯ ಹುಟ್ಟುವ ಮೊದಲೇ ಗಳಿಸಿರುತ್ತಾನೆ. ಆಮೇಲೆ ಹೊಸದು ಹುಟ್ಟುವುದಿಲ್ಲ. ಸಕ್ಕರೆ ಕಾಯಿಲೆಯಿಂದಲೋ ರಕ್ತದೊತ್ತಡದಿಂದಲೋ ಕಳೆದುಕೊಂಡದ್ದು ಕಳೆದುಕೊಂಡದ್ದೇ.

“ಇಂಥದನ್ನು ಬೆಳೆಸುವುದು ಹೇಗಪ್ಪ?” ಎಂದೆ. ಅವನು ನಕ್ಕು, “ಸರ್, ಬೇಸಿಗೆಯಲ್ಲಿ ಪಾನಕಕ್ಕೆ ಕಾಮಕಸ್ತೂರಿ ಬೀಜ ನೆನೆಹಾಕುತ್ತಾರಲ್ಲ, ಆಗ ಪ್ರತಿ ಬೀಜದ ಸುತ್ತ ಒಂದು ಲೋಳೆಯ ಪೊರೆ ಬರುತ್ತದೆ. ಅದೇ ಹೈಡ್ರೋಜೆಲ್” ಎಂದ. ನೀರನ್ನು ಹೊಟ್ಟೆ ತುಂಬ ಹಿಡಿದುಕೊಂಡೂ ತಾನು ನೀರಿನಲ್ಲಿ ಕರಗಿಹೋಗದ ಎಳೆಗಳ ಬಲೆ ಅದು. 1960ರಲ್ಲಿ ಪ್ರಾಗ್ ನಗರದ ಒಟ್ಟೊ ವಿಖ್ಟರ್ಲೆ ಮತ್ತು ದ್ರಾಹೊಸ್ಲಾವ್ ಲಿಮ್ ಎಂಬಿಬ್ಬರು, ಇಂಥ ವಸ್ತು ಜೀವಂತ ದೇಹದೊಡನೆ ಹೊಂದಿಕೊಂಡಿರಬಲ್ಲದೆಂದು ತೋರಿಸಿದರು. ಮರುವರ್ಷ ವಿಖ್ಟರ್ಲೆ ತನ್ನ ಮನೆಯಲ್ಲೇ, ಮಕ್ಕಳು ಆಡುವ ಜೋಡಣೆಯ ಆಟಿಕೆಯಿಂದ ಒಂದು ಯಂತ್ರ ಕಟ್ಟಿ, ಕಣ್ಣಿಗೆ ಹಾಕುವ ಮೆತ್ತನೆಯ ಮಸೂರಗಳನ್ನು ಎರಕಹೊಯ್ದನು. ಇಂದು ಆ ಬಗೆಯ ಲೋಳೆಗಳಿಂದ ಜೀವಕೋಶಗಳಿಗೆ ಮನೆ ಕಟ್ಟುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಹೈಡ್ರೋಜೆಲ್‌ಗಳ ಬಗ್ಗೆ ಸಂಶೋಧನೆ ನಡೆದಿದೆ. ಆ ಸಂಸ್ಥೆಯ ಎರಡನೆಯ ಆವರಣ ನಮ್ಮ ಜಿಲ್ಲೆಯ ಚಳ್ಳಕೆರೆ ತಾಲೂಕಿನ ಕುದಾಪುರದಲ್ಲೇ ಇದೆ. ವಿಜ್ಞಾನವೆಂದರೆ ಯಾವುದೋ ಸಮುದ್ರದಾಚೆಯ ಸಂಗತಿ ಎಂದುಕೊಂಡು ಮಾತನಾಡುವುದು ನಮ್ಮಂಥವರ ಹಳೆಯ ಚಾಳಿ.

ಮನೆಯೇಕೆ ಬೇಕು? ಮೂತ್ರಪಿಂಡದ ಜೀವಕೋಶವನ್ನು ಬರಿಯ ಗಾಜಿನ ತಟ್ಟೆಯಲ್ಲಿ ಬಿಟ್ಟರೆ ಅದು ಚಪ್ಪಟೆಯಾಗಿ ಹರಡಿಕೊಂಡು, ಬರಬರುತ್ತ ತನ್ನ ಕಸುಬನ್ನೇ ಮರೆಯುತ್ತದೆಯಂತೆ. ಸುತ್ತಲೂ ಮೆತ್ತನೆಯ ಆಸರೆಯಿದ್ದರೆ ತನ್ನ ಸ್ವಭಾವವನ್ನು ಉಳಿಸಿಕೊಳ್ಳುವುದು ಅದಕ್ಕೆ ಸುಲಭ. ಆ ಆಸರೆಯ ಗಡಸುತನವೂ ಮುಖ್ಯ. 2006ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದವರು ಒಂದೇ ಬಗೆಯ ಮೂಲಕೋಶಗಳನ್ನು ಮೂರು ಬಗೆಯ ಲೋಳೆಗಳ ಮೇಲೆ ಬೆಳೆಸಿ ನೋಡಿದರು. ತೀರ ಮೆತ್ತಗಿದ್ದಲ್ಲಿ ಅವು ನರದ ಕೋಶಗಳ ಕಡೆಗೆ ವಾಲಿದವು, ನಡುತರದ ಬಿಗುವಿದ್ದಲ್ಲಿ ಸ್ನಾಯುವಿನ ಕಡೆಗೆ, ಗಡುಸಾಗಿದ್ದಲ್ಲಿ ಮೂಳೆಯ ಕಡೆಗೆ. ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಈ ಮಾತು ಸ್ವಲ್ಪ ಚುಚ್ಚದೆ ಇರಲಿಲ್ಲ.

ಆದರೆ ಮುಖ್ಯವಾದ ಮಾತು ಬೇರೆ. ಈ ಲೋಳೆಯ ಮನೆ ಶಾಶ್ವತವಾಗಿ ಉಳಿಯಬಾರದು. ಜೀವಕೋಶ ಬೆಳೆಯುತ್ತ ಅದನ್ನು ಸ್ವಲ್ಪಸ್ವಲ್ಪವಾಗಿ ಕತ್ತರಿಸಿ, ಆ ಜಾಗದಲ್ಲಿ ತಾನೇ ನೂತ ಎಳೆಗಳನ್ನು ಹಾಸಿಕೊಳ್ಳಬೇಕು. ಬೇಗ ಕರಗಿದರೆ ಎಲ್ಲ ಕುಸಿಯುತ್ತದೆ. ಕರಗದೆ ನಿಂತರೆ ಆಸರೆಯೇ ಸೆರೆಮನೆಯಾಗುತ್ತದೆ. 2016ರಲ್ಲಿ ಹಾರ್ವರ್ಡಿನ ಜೆನ್ನಿಫರ್ ಲೂಯಿಸ್ ಮತ್ತು ಸಂಗಡಿಗರು ಮೂತ್ರಪಿಂಡದ ಒಂದು ನಾಳವನ್ನು ಕಟ್ಟಿದ ರೀತಿ ಇದು: ಒಂದು ಬಗೆಯ ಶಾಯಿಯನ್ನು ಅಂಕುಡೊಂಕಾದ ದಾರದಂತೆ ಎಳೆದು, ಅದರ ಮೇಲೆ ಲೋಳೆ ಹೊಯ್ದು, ತಣ್ಣಗೆ ಮಾಡಿದರು. ತಣ್ಣಗಾದೊಡನೆ ಶಾಯಿ ನೀರಾಯಿತು. ಅದನ್ನು ಹೊರಕ್ಕೆ ಹರಿಸಿಬಿಟ್ಟರು. ಅದು ಬಿಟ್ಟುಹೋದ ಟೊಳ್ಳಿನೊಳಗೆ ಜೀವಕೋಶಗಳು ಬಂದು ಗೋಡೆಗಂಟಿ ನಾಳವಾದವು. “ನಮ್ಮ ಕಡೆ ಗಾರೆಯವರು ಕಟ್ಟುವ ಸಾರುವೆ ಇದ್ದಹಾಗೆ, ಸರ್. ಗೋಡೆ ನಿಂತ ಮೇಲೆ ಸಾರುವೆ ಇರಕೂಡದು” ಎಂದ.

ಹುಡುಗ ಬಡಾಯಿ ಕೊಚ್ಚಲಿಲ್ಲ. 2015ರಲ್ಲಿ ಮೆಲ್ಬರ್ನಿನಲ್ಲಿ ಮಿನೊರು ತಕಸಾತೊ, ಮೆಲಿಸಾ ಲಿಟಲ್ ಮೊದಲಾದವರು ಮೂಲಕೋಶಗಳಿಂದ ಪುಟ್ಟ ಮೂತ್ರಪಿಂಡದಂಥದನ್ನು ಬೆಳೆಸಿದ್ದು ನಿಜ. ಅದು ಗರ್ಭದಲ್ಲಿನ ಮೊದಲ ತಿಂಗಳುಗಳ ಶಿಶುವಿನ ಮೂತ್ರಪಿಂಡವನ್ನು ಹೋಲುತ್ತಿತ್ತು. ಮೂತ್ರ ಹರಿದುಹೋಗಲು ದಾರಿಯಿಲ್ಲ, ರಕ್ತ ಬರಲು ತಕ್ಕ ನಾಳಗಳಿಲ್ಲ. ಇಪ್ಪತ್ತಕ್ಕೂ ಹೆಚ್ಚು ಬಗೆಯ ಜೀವಕೋಶಗಳು ತಮ್ಮ ತಮ್ಮ ಜಾಗದಲ್ಲಿ ನಿಂತು ಕೂಡಿ ದುಡಿಯುವ ಅಂಗ ಅದು. ಮನುಷ್ಯನಿಗೆ ಜೋಡಿಸಬಲ್ಲ ಇಡಿಯ ಮೂತ್ರಪಿಂಡವನ್ನು ಇಂದಿಗೂ ಯಾರೂ ಹೀಗೆ ಬೆಳೆಸಿಲ್ಲ. ಇಷ್ಟನ್ನೂ ಹೇಳಿ, ಲೋಟ ಕೆಳಗಿಟ್ಟು, “ಸರ್, ನಮ್ಮ ತಂದೆಗೆ ಕೊಡಲು ನಾವೆಲ್ಲರೂ ಮುಂದೆ ಬಂದೆವು. ಒಬ್ಬರದೂ ಹೊಂದಲಿಲ್ಲ. ಶಿಬಿ ಇದ್ದೂ ಉಪಯೋಗಕ್ಕೆ ಬಾರದವರು ಏನು ಮಾಡಬೇಕು?” ಎಂದು ಕೇಳಿದ.

ನಾನು ಉತ್ತರ ಹೇಳಲಿಲ್ಲ. ಹೇಳಲಾರದ ಕಾರಣ ಅವನಿಗೆ ಗೊತ್ತಿರಲಿಲ್ಲ. ಆ ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಲ್ಲಿ ಹೇಳಿಬಿಡುತ್ತೇನೆ.

ನನ್ನ ತಮ್ಮ ಹೊಸದುರ್ಗದಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಾನೆ. 2015ರಲ್ಲಿ, ಅವನಿಗೆ ಇನ್ನೂ ಮೂವತ್ತೈದು ತುಂಬುವ ಮುಂಚೆ, ಗೊತ್ತಾಗದೆ ಬೆಳೆದ ರಕ್ತದೊತ್ತಡದಿಂದ ಎರಡು ಮೂತ್ರಪಿಂಡಗಳೂ ಕೆಟ್ಟವು. ವಾರಕ್ಕೆ ಮೂರು ಸಲ ಹೊಳಲ್ಕೆರೆಯ ಮೇಲೆ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಬಂದು, ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರಕ್ಕೆ ತೋಳು ಕೊಟ್ಟು ಮಲಗಿ, ಸುಸ್ತಾಗಿ ನಮ್ಮ ಮನೆಯ ಜಗಲಿಯಲ್ಲಿ ಒರಗುತ್ತಿದ್ದ. ಬಾಯಾರಿದರೂ ಅಳೆದ ನೀರು. ಬದಲಿ ಮೂತ್ರಪಿಂಡವೇ ದಾರಿ ಎಂದು ಬೆಂಗಳೂರಿನ ವೈದ್ಯರು ಹೇಳಿದರು. ಅಂಗ ಕಸಿಯನ್ನು ಕುರಿತ 1994ರ ಕಾಯಿದೆಯ ಪ್ರಕಾರ ಒಡಹುಟ್ಟಿದವರೂ ಗಂಡಹೆಂಡಿರೂ ಹತ್ತಿರದ ಸಂಬಂಧಿಗಳೇ, ಕೊಡಬಹುದು. ತಾಯಿಗೆ ಸಕ್ಕರೆ ಕಾಯಿಲೆ, ಆಗದೆಂದರು. ನನ್ನ ರಕ್ತ ಪರೀಕ್ಷೆಯಾಯಿತು, ಹೊಂದಿತು. ತಮ್ಮನ ಹೆಂಡತಿಯದೂ ಆಯಿತು. ಅದೂ ನಡೆಯುತ್ತದೆ, ಆದರೆ ಅಣ್ಣನದು ಮೇಲು ಎಂದರು.

ನಾನು, “ಯೋಚಿಸಿ ಹೇಳುತ್ತೇನೆ” ಎಂದೆ.

ಯೋಚಿಸಲು ಕಾರಣಗಳಿದ್ದವು. ಮಗಳು ಚಿಕ್ಕವಳು, ನನ್ನ ಹೆಂಡತಿ ಹೆದರಿದ್ದಳು, ನೌಕರಿಯಲ್ಲಿ ದೀರ್ಘ ರಜ ಸಿಕ್ಕುವುದೋ ಇಲ್ಲವೋ. ಒಂದೂ ಸುಳ್ಳಲ್ಲ. ಇರುವ ಭಯಕ್ಕೆ ನಿಜವಾದ ಕಾರಣಗಳನ್ನು ಹೊದಿಸಿ ಮಲಗಿಸುವುದರಲ್ಲಿ ಓದಿದವನಷ್ಟು ನಿಪುಣ ಬೇರೊಬ್ಬನಿಲ್ಲ. ಎರಡು ವಾರ ಯೋಚಿಸಿದೆ. ಮೂರನೆಯ ವಾರ ತಮ್ಮನ ಹೆಂಡತಿ ತನ್ನ ತವರು ಹಿರಿಯೂರಿಗೆ ಹೋಗಿ, ತಂದೆತಾಯಿಗೆ ಹೇಳಿ, ಬೆಂಗಳೂರಿಗೆ ಬಂದು ಕಾಗದಗಳಿಗೆ ರುಜು ಹಾಕಿದಳು. ನನ್ನನ್ನು ಯಾರೂ ಮತ್ತೆ ಕೇಳಲಿಲ್ಲ. ನನಗೆ ಆದ ನೆಮ್ಮದಿಯನ್ನು ನಾನು ಇಂದಿಗೂ ಮರೆತಿಲ್ಲ. ಮರೆಯಬೇಕೆಂದು ಪ್ರಯತ್ನಿಸಿದ್ದು ಉಂಟು. 2016ರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ತಮ್ಮ ಉಳಿದ, ಮಾತ್ರೆಗಳನ್ನು ಜೀವಮಾನವಿಡೀ ನುಂಗಬೇಕು, ಅಷ್ಟೆ. ಆಕೆಯೂ ಆರೋಗ್ಯವಾಗಿದ್ದಾಳೆ.

ಈಗ ನನ್ನ ಭಾಷಣಕ್ಕೆ ಮರಳುತ್ತೇನೆ. ಕಷ್ಟವನ್ನು ನೀಗುವ ಉಪಾಯ ತ್ಯಾಗವನ್ನು ಕೆಡಿಸುತ್ತದೆಂಬ ಮಾತು ಕೇಳಲು ಗಂಭೀರವಾಗಿದೆ. ಆದರೆ ಅದನ್ನು ಹೇಳುವವರು ಯಾರೆಂದು ನೋಡಬೇಕು. ತೊಡೆ ಕೊಯ್ದುಕೊಂಡವರು ಹೇಳುವುದನ್ನು ನಾನು ಕೇಳಿಲ್ಲ. ತಕ್ಕಡಿಯ ಪಕ್ಕದಲ್ಲಿ ನಿಂತು ನೋಡಿದವರೇ ಹೇಳುತ್ತಾರೆ. ನಮ್ಮ ಕಡೆ ಬೇಸಿಗೆಯಲ್ಲಿ ದಾರಿಗೆ ಅರವಟ್ಟಿಗೆ ಇಡುವುದು ದೊಡ್ಡ ಪುಣ್ಯ. 1907ರಲ್ಲಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಕಟ್ಟೆ ಮುಗಿಯಿತು. ಮುಂದೆ ವಾಣಿವಿಲಾಸ ಸಾಗರದ ಆ ನೀರು ಹಿರಿಯೂರಿಗೂ ಚಿತ್ರದುರ್ಗಕ್ಕೂ ನಲ್ಲಿಯಲ್ಲಿ ಬಂತು. ಇದರಿಂದ ಅರವಟ್ಟಿಗೆಯವರ ಪುಣ್ಯಕ್ಕೆ ಕೊರತೆಯಾಯಿತೆಂದು ಯಾರಾದರೂ ಅತ್ತರೆ? ಬಾಯಾರಿದವನಿಗೆ ನೀರು ಸಿಕ್ಕಬೇಕೆಂಬುದು ಅರವಟ್ಟಿಗೆಯ ಉದ್ದೇಶ. ಪುಣ್ಯ ಸಿಕ್ಕಲಿ ಎಂದು ಬಾಯಾರಿದವರು ಇರಲೇಬೇಕೆಂದು ಬಯಸಿದರೆ ಅದು ಬೇರೆ ಜಾತಿಯ ಆಸೆ.

ವೈದ್ಯದ ಚರಿತ್ರೆಯೂ ಇದನ್ನೇ ಹೇಳುತ್ತದೆ. 1943ರಲ್ಲಿ ಜರ್ಮನರ ಕೈಕೆಳಗಿದ್ದ ಹಾಲೆಂಡಿನಲ್ಲಿ ವಿಲೆಮ್ ಕೋಲ್ಫ್ ಎಂಬ ವೈದ್ಯ, ಮಾಂಸದ ತಿನಿಸು ತುಂಬಲು ಬಳಸುತ್ತಿದ್ದ ಸೆಲೊಫೇನ್ ಕೊಳವೆಯನ್ನು ಮರದ ಉರುಳೆಗೆ ಸುತ್ತಿ ಮೊದಲ ಡಯಾಲಿಸಿಸ್ ಯಂತ್ರ ಕಟ್ಟಿದನು. ಅದರಿಂದ ಒಂದು ಜೀವ ಉಳಿದದ್ದು 1945ರಲ್ಲಿ. ಅಲ್ಲಿಯವರೆಗೆ ಸೋಲಿನ ಮೇಲೆ ಸೋಲು. 1954ರಲ್ಲಿ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಒಬ್ಬ ಅವಳಿಯ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಜೋಡಿಸಿ ಗೆದ್ದನು. ನಮ್ಮ ದೇಶದಲ್ಲಿ ಅಂಥ ಗೆಲುವು 1971ರಲ್ಲಿ ವೆಲ್ಲೂರಿನಲ್ಲಿ ಬಂತು. ಈ ಒಂದೊಂದು ಹೆಜ್ಜೆಯೂ ಯಾರದೋ ಮನೆಯ ಗೋಳನ್ನು ತಗ್ಗಿಸಿತು. ಯಾರ ಒಳ್ಳೆಯತನವನ್ನೂ ಕಿತ್ತುಕೊಳ್ಳಲಿಲ್ಲ.

ಮೇಲಾಗಿ, ಅಭಾವವು ದಾನಿಗಳನ್ನು ಮಾತ್ರ ಹುಟ್ಟಿಸುವುದಿಲ್ಲ. ಬಡವನ ಮೂತ್ರಪಿಂಡಕ್ಕೆ ಬೆಲೆ ಕಟ್ಟುವ ದಲ್ಲಾಳಿಯನ್ನೂ ಹುಟ್ಟಿಸುತ್ತದೆ. 1994ರ ಕಾಯಿದೆ ಬೇಕಾದದ್ದೇ ಅದಕ್ಕೆ. ಮನೆಯೊಳಗೂ ಅಭಾವ ಒಂದು ಬಗೆಯ ಬಲವಂತವನ್ನು ತರುತ್ತದೆ. ನಮ್ಮ ದೇಶದಲ್ಲಿ ಬದುಕಿರುವಾಗಲೇ ಅಂಗ ಕೊಟ್ಟವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು, ಪಡೆದವರಲ್ಲಿ ಗಂಡಸರೇ ಹೆಚ್ಚು. ಶಿಬಿಯ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸುವುದು ನಾವು. ಸದ್ದಿಲ್ಲದೆ ತೊಡೆ ಕೊಯ್ದುಕೊಳ್ಳುವುದು ಅವರು. “ಇಲ್ಲ” ಎನ್ನಲು ನನಗಿದ್ದ ಅವಕಾಶ ನನ್ನ ತಮ್ಮನ ಹೆಂಡತಿಗೆ ನಿಜವಾಗಿ ಇತ್ತೆ? ಅಣ್ಣನಾದ ನಾನು ಯೋಚಿಸಬಹುದಾಗಿತ್ತು. ಹೆಂಡತಿಯಾದವಳು ಯೋಚಿಸುತ್ತೇನೆ ಎಂದಿದ್ದರೆ ನಮ್ಮ ಬಳಗ ಅವಳನ್ನು ಏನೆನ್ನುತ್ತಿತ್ತೆಂದು ನಾನು ಬಲ್ಲೆ.

ಹಾಗೆಂದು ಪ್ರಯೋಗಶಾಲೆಯನ್ನು ಹೊಗಳಿ ಕುಳಿತುಕೊಳ್ಳುವುದೂ ಪ್ರಾಮಾಣಿಕತೆಯಲ್ಲ. ಹುಡುಗನ ಮಾತು ಕೇಳಿದಾಗ ನನ್ನಲ್ಲಿ ಮೊದಲು ಎದ್ದ ಭಾವನೆ, ‘ಇದು ಹತ್ತು ವರ್ಷ ಮುಂಚೆಯೇ ಬಂದಿದ್ದರೆ!’ ಎಂಬುದು. ಅದು ತಮ್ಮನಿಗಾಗಿ ಎದ್ದದ್ದಲ್ಲ. ಆ ಎರಡು ವಾರಗಳು ನನ್ನ ಬಾಳಿನಲ್ಲಿ ಬರದೆ ಇರುತ್ತಿದ್ದವಲ್ಲ ಎಂಬುದಕ್ಕಾಗಿ. ಮುಂದೊಂದು ದಿನ ವಿಜ್ಞಾನ ಎಲ್ಲವನ್ನೂ ಸರಿಮಾಡುತ್ತದೆ ಎನ್ನುವ ಮಾತು, ಯೋಚಿಸಿ ಹೇಳುತ್ತೇನೆ ಎನ್ನುವ ಮಾತಿನ ಒಡಹುಟ್ಟು. ಇಂದು ರಾತ್ರಿ ಡಯಾಲಿಸಿಸ್ ಮುಗಿಸಿ ಊರ ಬಸ್ಸಿಗೆ ಕಾಯುತ್ತ ನಿಂತವನಿಗೆ ಲೋಳೆಯ ಸಾರುವೆ ಇನ್ನೂ ಬಂದಿಲ್ಲ. ಬಂದ ದಿನವೂ ಅದರ ಬೆಲೆ ಹೊಳಲ್ಕೆರೆಯ ರೈತನ ಕೈಗೆ ಎಟುಕುವುದೇ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಅದಕ್ಕೆ ಉತ್ತರ ಹೇಳಬೇಕಾದದ್ದು ಸೂಕ್ಷ್ಮದರ್ಶಕವಲ್ಲ, ನಾವು.

ಆದರೂ ಆ ಲೋಳೆಯಿಂದ ನಾನು ಕಲಿತದ್ದು ಒಂದಿದೆ. ಶಸ್ತ್ರಚಿಕಿತ್ಸೆಯಾದ ಮೇಲಿನ ವರ್ಷ ನನ್ನ ತಮ್ಮನ ಸ್ವಭಾವವೇ ಬದಲಾಗಿತ್ತು. ಮಾತುಮಾತಿಗೆ ಸಿಡುಕುತ್ತಿದ್ದವನು ಹೆಂಡತಿಯ ಎದುರು ತಲೆ ತಗ್ಗಿಸಿ ಕೂರುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾದರೂ ಬಾಯಿಬಿಡುತ್ತಿರಲಿಲ್ಲ. ಉಪ್ಪು ಅವನಿಗೆ ವರ್ಜ್ಯವೆಂಬುದು ಬೇರೆ ಮಾತು. ಒಂದು ದಿನ ತಡೆಯಲಾರದೆ ಏನೋ ಕೂಗಾಡಿ, ಕೂಡಲೆ ತಪ್ಪಾಯಿತೆಂದು ಅತ್ತನಂತೆ. ಆಗ ಆಕೆ, “ನಾನು ಕಿಡ್ನಿ ಕೊಟ್ಟಿದ್ದು ನಿಮ್ಮ ಬಾಯಿ ಕಟ್ಟೋಕಲ್ಲ. ಜಗಳ ಆಡಬೇಕು ಅನ್ನಿಸಿದಾಗ ಆಡಿ. ನಾನೂ ಆಡ್ತೀನಿ” ಎಂದಳೆಂದು ಅವನೇ ನನಗೆ ಹೇಳಿದ. ಅಂದಿನಿಂದ ಆ ಮನೆಯಲ್ಲಿ ಮೊದಲಿನಂತೆ ಜಗಳಗಳು ನಡೆಯುತ್ತಿವೆ.

ದಾನದ ಬಗ್ಗೆ ನಾನು ಓದಿದ, ಪಾಠ ಹೇಳಿದ ಮಾತುಗಳೆಲ್ಲ ಕೊಡುವ ಗಳಿಗೆಯನ್ನು ಕುರಿತವು. ಕೊಟ್ಟ ಮೇಲೆ ಏನು ಮಾಡಬೇಕೆಂಬುದನ್ನು ಆಕೆ ತೋರಿಸಿದಳು. ಕೊಟ್ಟದ್ದು ಪಡೆದವನೊಳಗೆ ಋಣವಾಗಿ ಗಟ್ಟಿಗೊಂಡು ನಿಂತರೆ ಅವನು ಉಳಿದೂ ಉಳಿದಂತಲ್ಲ. ಆಸರೆಯೇ ಅವನಿಗೆ ಸೆರೆಮನೆ. ಹಿಡಿದು ನಿಲ್ಲಿಸಬೇಕಾದಷ್ಟು ದಿನ ನಿಲ್ಲಿಸಿ, ಅವನು ತನ್ನ ಎಳೆಗಳನ್ನು ತಾನೇ ಹಾಸಿಕೊಂಡ ಮೇಲೆ ಕರಗಬೇಕು. ಪಡೆದವನು ನೆನೆಯಲಿ, ಅದು ಅವನ ಧರ್ಮ, ಕೊಟ್ಟವನು ನೆನಪಿಸಬಾರದು. ಲೋಳೆಗೆ ಇದನ್ನು ಕಲಿಸಲು ವಿಜ್ಞಾನಿಗಳು ಇಷ್ಟು ವರ್ಷ ಹೆಣಗುತ್ತಿದ್ದಾರೆ. ಆಕೆಗೆ ಯಾರೂ ಕಲಿಸಿದಂತೆ ಕಾಣಲಿಲ್ಲ.

ಕಳೆದ ತಿಂಗಳು ಹೊಸದುರ್ಗಕ್ಕೆ ಹೋಗಿದ್ದೆ. ತಮ್ಮ ಮನೆಯ ಮೇಲೊಂದು ಕೋಣೆ ಹಾಕಿಸುತ್ತಿದ್ದ. ಗಾರೆ ಮುಗಿದು ಸಾರುವೆ ಬಿಚ್ಚುತ್ತಿದ್ದರು. ಹುಡುಗನ ವಿಷಯವನ್ನೆಲ್ಲ ಆಕೆಗೆ ಹೇಳಿ, ಬಹಳ ದಿನದಿಂದ ಗಂಟಲಲ್ಲಿದ್ದದ್ದನ್ನು ಕೇಳಿದೆ: “ಅಂಥದು ಆವಾಗಲೇ ಇದ್ದಿದ್ದರೆ ನೀನು ಏನು ಮಾಡುತ್ತಿದ್ದೆಯಮ್ಮ?”

“ಅದನ್ನೇ ಹಾಕಿಸ್ತಿದ್ದೆ, ಭಾವ. ಕೊಡೋದೇನು ನನಗೆ ಹಬ್ಬವಾ? ಅವರು ಉಳೀಬೇಕಿತ್ತು.” ಸ್ವಲ್ಪ ಹೊತ್ತು ಬಿಟ್ಟು, “ಆಗ ನೀವೂ ಅಷ್ಟೊಂದು ಯೋಚನೆ ಮಾಡಬೇಕಾಗಿರಲಿಲ್ಲ” ಎಂದಳು.

ಇಷ್ಟು ವರ್ಷಗಳಲ್ಲಿ ಆಕೆ ಅದನ್ನೆತ್ತಿದ್ದು ಅದೊಂದೇ ಸಲ. ದನಿಯಲ್ಲಿ ಕೊಂಕಿತ್ತೇ ಎಂದು ಎಷ್ಟು ಹುಡುಕಿದರೂ ನನಗೆ ಸಿಕ್ಕಲಿಲ್ಲ. ಸತ್ತ ಮೇಲೆ ನನ್ನ ಅಂಗಗಳನ್ನು ತೆಗೆದುಕೊಳ್ಳಬಹುದೆಂದು ಬರೆದುಕೊಟ್ಟಿರುವುದಾಗಿ ಹೇಳಬೇಕೆಂದುಕೊಂಡು ಹೋಗಿದ್ದೆ, ಹೇಳಲಿಲ್ಲ. ಸತ್ತ ಮೇಲೆ ಕೊಡುವುದಕ್ಕೆ ಯಾವ ಎರಡು ವಾರಗಳೂ ಬೇಕಿಲ್ಲ.

ಅಷ್ಟರಲ್ಲಿ ಆಕೆ ಗಾರೆಯವನನ್ನು ಕೂಗಿ, ಬಿಚ್ಚಿದ ಗಳುಗಳನ್ನು ಒಯ್ಯಬೇಡವೆಂದೂ ಹಿತ್ತಲಲ್ಲಿ ಹೀರೆಯ ಬಳ್ಳಿಗೆ ಹಂದರ ಹಾಕಬೇಕೆಂದೂ ಹೇಳುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, “ಭಾವ, ಸುಮ್ಮನೆ ಕೂತಿದ್ದೀರಲ್ಲ, ಈ ಗಳು ಒಂದಿಷ್ಟು ಹಿಡ್ಕೊಳ್ಳಿ, ನಾನು ಕಟ್ತೀನಿ” ಎಂದಳು.

ಹೋಗಿ ಹಿಡಿದುಕೊಂಡೆ.